ಕರಿ ಮನೆ, ಬಿಳಿ ಮನೆ: ಪೇಟಿ ಮತ್ತು ಕೀಬೋರ್ಡ್ ನುಡಿಸುವವರಿಗೆ ಒಂದು ಬಹಿರಂಗ ಪತ್ರ

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಭಜನಾ ಮೇಳಗಳಲ್ಲಿ, ಆರ್ಕೆಸ್ಟ್ರಾಗಳಲ್ಲಿ, ಚರ್ಚುಗಳಲ್ಲಿ ಪೇಟಿ, ಕೀಬೋರ್ಡ್ ನುಡಿಸುವ ತಮ್ಮಂದಿರಿಗೆ, ತಂಗಿಯರಿಗೆ,

ಈಚೆಗೆ ನಿಮ್ಮಲ್ಲಿ ಹಲವರು ಅಮಾವಾಸ್ಯೆ ಭಜನೆಗೆ ಕೂತಾಗ ಮೊಬೈಲನ್ನು ಪೇಟಿಯ ಮೇಲೆ ಒರಗಿಸಿ ಇಟ್ಟುಕೊಳ್ಳುತ್ತೀರಿ. ಅದರಲ್ಲಿ ಟ್ಯೂನರ್ ಆ್ಯಪ್. ಹಾಡುವವರ ಸ್ವರ ಸರಿ ಕೂತರೆ ಹಸಿರು, ಏರಿದರೆ ಇಳಿದರೆ ಕೆಂಪು. ಕಡಕೋಳ ಮಡಿವಾಳಪ್ಪನವರ ಪದ ಹಾಡುತ್ತಿದ್ದ ಮುದುಕರೊಬ್ಬರಿಗೆ ಒಬ್ಬ ಹುಡುಗ, "ಯಜ್ಜಾ, ನಿಮ್ಮ ಗಂಧಾರ ಹದಿನಾಕು ಸೆಂಟ್ ಇಳದದ ನೋಡ್ರಿ" ಅಂದದ್ದನ್ನು ನಾನೇ ಕೇಳಿದೆ. ಅಜ್ಜ ನಕ್ಕು ಮುಂದಿನ ನುಡಿ ಎತ್ತಿಕೊಂಡರು. ಹುಡುಗ ಓದಿದ ಅಂಕಿ ಸರಿ, ಕೊಟ್ಟ ತೀರ್ಪು ತಪ್ಪು. ಆ ಹದಿನಾಲ್ಕು ಎಲ್ಲಿಂದ ಬಂತು ಎಂದು ಯಾರಾದರೂ ಅವನಿಗೆ ಮೊದಲೇ ಹೇಳಿಕೊಟ್ಟಿದ್ದರೆ ಅವನು ಆ ಮಾತು ಆಡುತ್ತಿರಲಿಲ್ಲ.

ಪಾಶ್ಚಾತ್ಯ ಸಂಗೀತ ಕಲಿಯಬೇಡಿ ಎನ್ನುವುದಕ್ಕೆ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ಪೂರ್ತಿ ಕಲಿಯಿರಿ ಎನ್ನುವುದಕ್ಕೇ ಬರೆಯುತ್ತಿರುವುದು. ನಿಮಗೆ ಸಿ ಮೇಜರ್ ಗೊತ್ತು, ಎ ಮೈನರ್ ಗೊತ್ತು, ಯಾವ ಕಾರ್ಡಿಗೆ ಯಾವ ಬೆರಳು ಎಂಬುದು ಯೂಟ್ಯೂಬ್ ನೋಡಿ ಬಾಯಿಪಾಠವಾಗಿದೆ. ಆ ಸ್ವರಸಾಲನ್ನು ಹಾಗೇ ಏಕೆ ಕಟ್ಟಿದರು, ಕಟ್ಟುವಾಗ ಏನು ಬಿಟ್ಟುಕೊಟ್ಟರು ಎಂಬುದನ್ನು ಮಾತ್ರ ಯಾರೂ ಹೇಳಿಕೊಟ್ಟ ಹಾಗೆ ಕಾಣುವುದಿಲ್ಲ. ಅದನ್ನು ತಿಳಿಯದವನು ಪೆಟ್ಟಿಗೆಯನ್ನೇ ಪ್ರಮಾಣ ಅಂದುಕೊಳ್ಳುತ್ತಾನೆ. ಪೆಟ್ಟಿಗೆ ಒಂದು ಒಪ್ಪಂದ ಅಷ್ಟೆ.

ಕೈಗೆ ಸಿಗುವುದರಿಂದಲೇ ಶುರು ಮಾಡೋಣ. ಸಾ ಇಂದ ಮೇಲಿನ ಸಾ ತನಕ ಪೇಟಿಯಲ್ಲಿ ಹನ್ನೆರಡು ಮನೆ, ಏಳು ಬಿಳಿ, ಐದು ಕರಿ. ಪಕ್ಕದ ಮನೆಗೆ ಹೋದರೆ ಅರ್ಧ ಅಂತರ, ಒಂದು ಮನೆ ಬಿಟ್ಟು ಹೋದರೆ ಪೂರ್ತಿ ಅಂತರ. ಬಿಳಿ ಮೂರು ಮತ್ತು ನಾಲ್ಕರ ನಡುವೆ ಕರಿ ಇಲ್ಲ, ಏಳು ಮತ್ತು ಮೇಲಿನ ಒಂದರ ನಡುವೆಯೂ ಇಲ್ಲ. ಆದ್ದರಿಂದ ಬಿಳಿ ಒಂದರಿಂದ ಬಿಳಿ ಮನೆಗಳನ್ನೇ ಹಿಡಿದು ಹೊರಟರೆ ಬರುವ ನಡೆ ಇದು: ಪೂರ್ತಿ, ಪೂರ್ತಿ, ಅರ್ಧ, ಪೂರ್ತಿ, ಪೂರ್ತಿ, ಪೂರ್ತಿ, ಅರ್ಧ. ಪಾಶ್ಚಾತ್ಯರ ಮೇಜರ್ ಅಂದರೆ ಇದೇ ನಡೆ. ನಮ್ಮ ಬಿಲಾವಲ್ ಥಾಟ್ ಕೂಡ ಇದೇ. ಸಾ ಕರಿ ಎರಡಕ್ಕೆ ಹೋಗಲಿ, ಬಿಳಿ ಐದಕ್ಕೆ ಹೋಗಲಿ, ನಡೆ ಇದೇ ಇದ್ದರೆ ಮೇಜರ್. ಟ್ರಾನ್ಸ್‌ಪೋಜ್ ಬಟನ್ ಒತ್ತಿದಾಗ ನಡೆ ಹಾಗೇ ಇದ್ದು ನಿಲ್ಲುವ ಜಾಗ ಮಾತ್ರ ಬದಲಾಗುತ್ತದೆ.

ಈಗ ನಿಲ್ಲುವ ಜಾಗ ಬಿಟ್ಟು ನಡೆಯನ್ನೇ ಬದಲಿಸಿ ನೋಡಿ. ಮನೆಗಳು ಅವೇ ಬಿಳಿ ಇರಲಿ, ಸಾ ಮಾತ್ರ ಬೇರೆ ಬಿಳಿಗೆ ಹೋಗಲಿ. ಬಿಳಿ ಎರಡನ್ನು ಸಾ ಮಾಡಿದರೆ ಕಾಫಿ, ಮೂರನ್ನು ಮಾಡಿದರೆ ಭೈರವಿ. ನಾಲ್ಕು ಕಲ್ಯಾಣ, ಐದು ಖಮಾಜ್, ಆರು ಆಸಾವರಿ. ಭಾತಖಂಡೆಯವರ ಹತ್ತು ಥಾಟ್‌ಗಳಲ್ಲಿ ಆರು ಹೀಗೆ ಬಿಳಿ ಮನೆಗಳಲ್ಲೇ ಸಿಗುತ್ತವೆ. ಪಾಶ್ಚಾತ್ಯರು ಇವನ್ನು ಮೋಡ್ ಅಂದು ಅಯೋನಿಯನ್, ಡೋರಿಯನ್, ಫ್ರಿಜಿಯನ್ ಎಂದು ಗ್ರೀಕ್ ಹೆಸರಿಟ್ಟರು. ಉಳಿದ ನಾಲ್ಕು, ಅಂದರೆ ಭೈರವ, ಪೂರ್ವಿ, ಮಾರವಾ, ತೋಡಿ, ಎಷ್ಟು ಹುಡುಕಿದರೂ ಬಿಳಿ ಮನೆಗಳಲ್ಲಿ ಸಿಗುವುದಿಲ್ಲ. ಬಿಳಿ ಏಳನ್ನು ಸಾ ಮಾಡಿ ನೋಡಿದವರಿಗೆ ಗೊತ್ತು, ಅಲ್ಲಿ ಪಂಚಮವೇ ಇಲ್ಲ. ಕಾಲಿಲ್ಲದ ಆ ಸಾಲನ್ನು ನಾವೂ ಬಿಟ್ಟೆವು, ಅವರೂ ಬಹಳ ಬಳಸಲಿಲ್ಲ.

ಕರಿ ಮನೆಗಳ ಆಟ ಇದಕ್ಕಿಂತ ಚಂದ. ಐದೇ ಮನೆ. ಕರಿ ಮೂರನ್ನು ಸಾ ಮಾಡಿ ಕರಿಗಳ ಮೇಲಷ್ಟೇ ಕೈ ಆಡಿಸಿ, ಭೂಪ ಬರುತ್ತದೆ. ಕರಿ ನಾಲ್ಕರಿಂದ ಹೊರಟರೆ ಮೇಘದ ಸ್ವರಗಳು, ಐದರಿಂದ ಮಾಲಕಂಸ. ಕರಿ ಒಂದರಿಂದ ದುರ್ಗಾ, ಎರಡರಿಂದ ಧಾನಿ. ಒಂದು ಮನೆಯನ್ನೂ ಹೊಸದಾಗಿ ಮುಟ್ಟದೆ ಐದು ರಾಗದ ಸ್ವರಗಳು. (ಸ್ವರಗಳು ಸಿಕ್ಕ ಮಾತ್ರಕ್ಕೆ ರಾಗ ಸಿಕ್ಕಿತು ಅಂದುಕೊಂಡು ಊರ ಮುಂದೆ ಕೂತುಬಿಡಬೇಡಿ.) ನಮ್ಮ ಕಡೆಯ ಎಷ್ಟೋ ಹಂತಿಪದ, ಬೀಸುವ ಪದ ಐದು ಸ್ವರದೊಳಗೇ ಮುಗಿಯುತ್ತವೆ. ಚೀನಾದ, ಸ್ಕಾಟ್ಲೆಂಡಿನ ಜನಪದ ಹಾಡುಗಳೂ ಬಹಳ ಮಟ್ಟಿಗೆ ಹಾಗೇ. ಯಾರೂ ಯಾರಿಂದಲೂ ಕದ್ದದ್ದಲ್ಲ. ಇದಕ್ಕೆ ಕಾರಣ ಸ್ವರ ಹುಟ್ಟುವ ರೀತಿಯಲ್ಲೇ ಇದೆ, ಪತ್ರದ ಮುಖ್ಯ ಮಾತೂ ಅಲ್ಲೇ ಇದೆ.

ತಂತಿಯನ್ನು ಅರ್ಧಕ್ಕೆ ಒತ್ತಿದರೆ ಮೇಲಿನ ಸಾ, ಮೂರರಲ್ಲಿ ಎರಡು ಭಾಗ ಉಳಿಸಿ ಒತ್ತಿದರೆ ಪ. ಎರಡರ ಲೆಕ್ಕಕ್ಕೆ ಸಾ, ಮೂರರ ಲೆಕ್ಕಕ್ಕೆ ಪ. ಜಗತ್ತಿನ ಬಹುಪಾಲು ಕಿವಿಗಳು ಮೊದಲು ಒಪ್ಪಿಕೊಂಡ ಸಂಬಂಧ ಇವೆರಡು. ಇದನ್ನು ಪಾಶ್ಚಾತ್ಯರು ಪೈಥಾಗೊರಸನ ಹೆಸರಿಗೆ ಬರೆದಿದ್ದಾರೆ. ಸಾ ಅನ್ನು ಸೆಕೆಂಡಿಗೆ 240 ಕಂಪನ ಅಂತ ಇಟ್ಟುಕೊಳ್ಳಿ, ಲೆಕ್ಕಕ್ಕೆ ಸುಲಭ. ಆಗ ಪ 360. ಈಗ ಪ ಅನ್ನೇ ಸಾ ಅಂದುಕೊಂಡು ಅದರ ಪ ಹುಡುಕಿದರೆ 540, ಒಂದು ಸಪ್ತಕ ಇಳಿಸಿದರೆ 270, ಅದು ರೇ. ರೇಯ ಪ 405, ಧ. ಧದ ಪ ಇಳಿಸಿ 303.75, ಗ. ಇಲ್ಲಿಗೆ ನಿಂತರೆ ಕೈಯಲ್ಲಿ ಸಾ ರೇ ಗ ಪ ಧ ಇವೆ, ಅಂದರೆ ಭೂಪ. ಸಾ–ಪ ಹಿಡಿದು ನಡೆದ ಯಾವ ಊರಿನವನಿಗೂ ಮೊದಲು ಸಿಗುವ ಐದು ಇವೇ.

ಇನ್ನೆರಡು ಹೆಜ್ಜೆ ಇಟ್ಟರೆ ನಿ, ಆಮೇಲೆ ಮ. ಆದರೆ ಈ ಮ ಶುದ್ಧವಲ್ಲ, ತೀವ್ರ. ಸಾ ಇಂದ ಮೇಲೆ ಮೇಲೆ ನಡೆದವನಿಗೆ ಏಳನೆಯದಾಗಿ ಸಿಗುವುದು ಯಮನ್. ಮೇಜರ್ ಬೇಕಾದರೆ ಸಾ ಇಂದ ಒಂದು ಹೆಜ್ಜೆ ಕೆಳಗಿಳಿದು, ಯಾರ ಪಂಚಮ ಸಾ ಆಗಿದೆಯೋ ಆ ಶುದ್ಧ ಮ ಇಂದ ಹೊರಡಬೇಕು: ಮ, ಸಾ, ಪ, ರೇ, ಧ, ಗ, ನಿ. ನಮ್ಮಲ್ಲಿ ಹೊಸದಾಗಿ ಕಲಿಯುವವರಿಗೆ ಭೂಪ, ಯಮನ್ ಮೊದಲು ಕಲಿಸುವ ವಾಡಿಕೆ ಇದೆ. ಗುರುಗಳು ಈ ಲೆಕ್ಕ ಹಾಕಿ ಹಾಗೆ ಮಾಡಿದರೋ ಇಲ್ಲವೋ, ಲೆಕ್ಕಕ್ಕಂತೂ ಅದು ಸರಿಯಾಗಿ ಕೂರುತ್ತದೆ.

ಏಳು ಸಿಕ್ಕಮೇಲೆ ಯುರೋಪಿನವರು ಮಾಡಿದ್ದು ಜಾಣ ಕೆಲಸ. ಮೇಜರನ್ನು ಎರಡು ತುಂಡು ಮಾಡಿ ನೋಡಿ. ಸಾ ರೇ ಗ ಮ: ಪೂರ್ತಿ, ಪೂರ್ತಿ, ಅರ್ಧ. ಪ ಧ ನಿ ಸಾ: ಮತ್ತೆ ಅದೇ. ಪೂರ್ವಾಂಗ, ಉತ್ತರಾಂಗ ಎರಡೂ ಒಂದೇ ಅಚ್ಚು. ಆದ್ದರಿಂದ ಪ ಅನ್ನು ಹೊಸ ಸಾ ಮಾಡಿಕೊಂಡರೆ ಹಳೆಯ ಉತ್ತರಾಂಗವೇ ಹೊಸ ಪೂರ್ವಾಂಗ. ಅದರ ಮೇಲೆ ಕೂರಿಸಲು ಇನ್ನೊಂದು ತುಂಡು ಬೇಕು, ಅದಕ್ಕೆ ಒಂದೇ ಒಂದು ಮನೆ ಬದಲಾದರೆ ಸಾಕು. ಬಿಳಿ ಐದರ ಮೇಜರಿಗೆ ಒಂದು ಕರಿ, ಬಿಳಿ ಎರಡಕ್ಕೆ ಎರಡು ಕರಿ, ಬಿಳಿ ಆರಕ್ಕೆ ಮೂರು, ಬಿಳಿ ಮೂರಕ್ಕೆ ನಾಲ್ಕು, ಬಿಳಿ ಏಳಕ್ಕೆ ಐದೂ. ಪುಸ್ತಕದಲ್ಲಿ ನೀವು ನೋಡುವ ಶಾರ್ಪ್‌ಗಳ ಸಾಲು ಹೀಗೆ ಪಂಚಮದಿಂದ ಪಂಚಮಕ್ಕೆ ಜಿಗಿಯುವಾಗ ಒಂದೊಂದಾಗಿ ಸೇರಿದ್ದು. ಕರಿ ಮನೆಗಳೂ ಯುರೋಪಿನ ಆರ್ಗನ್‌ಗಳಲ್ಲಿ ಒಮ್ಮೆಗೇ ಬಂದವಲ್ಲ, ಒಂದರ ಹಿಂದೊಂದು ಬಂದವು. ಜರ್ಮನಿಯ ಹಾಲ್ಬರ್‌ಸ್ಟಾಟ್ ಎಂಬ ಊರಿನಲ್ಲಿ 1361ರ ಆರ್ಗನ್ ಹೊತ್ತಿಗೆ ಹನ್ನೆರಡೂ ಕೂಡಿದ್ದವು.

ನಮ್ಮವರೂ ಅದೇ ಎರಡು ತುಂಡು ಹಿಡಿದರು, ಕೆಲಸ ಮಾತ್ರ ಬೇರೆ ಮಾಡಿದರು. ಕನ್ನಡ ಮೂಲದ ಗೋವಿಂದ ದೀಕ್ಷಿತರ ಮಗ ವೆಂಕಟಮಖಿ 17ನೇ ಶತಮಾನದಲ್ಲಿ ತಂಜಾವೂರಿನಲ್ಲಿ ಕೂತು ಸಾ ಅನ್ನು ಅಲುಗಿಸಲಿಲ್ಲ. ಪೂರ್ವಾಂಗವನ್ನು ಆರು ಬಗೆ, ಉತ್ತರಾಂಗವನ್ನು ಆರು ಬಗೆ ಮಾಡಿದರು, ಮಧ್ಯಮ ಎರಡು. ಆರು ಆರಲೆ ಮೂವತ್ತಾರು, ಎರಡರಷ್ಟು ಮಾಡಿದರೆ 72. ಅಲ್ಲಿ ಒಂದೇ ನಡೆಯನ್ನು ಹನ್ನೆರಡು ಮನೆಗೂ ತಿರುಗಿಸಿದರು, ಇಲ್ಲಿ ಒಂದೇ ಮನೆಯಲ್ಲಿ ಕೂತು ಎಪ್ಪತ್ತೆರಡು ನಡೆ ಕಟ್ಟಿದರು. ಬಾಖ್ 1722ರಲ್ಲಿ ಹನ್ನೆರಡು ಮೇಜರು, ಹನ್ನೆರಡು ಮೈನರು, ಇಪ್ಪತ್ನಾಲ್ಕಕ್ಕೂ ಒಂದೊಂದು ಜೋಡಿ ರಚನೆ ಬರೆದು ತನ್ನ ಪೆಟ್ಟಿಗೆ ಎಲ್ಲಿಗೆ ಹೋದರೂ ಹಾಡುತ್ತದೆ ಎಂದು ತೋರಿಸಿದ. ಎರಡೂ ದೊಡ್ಡ ಸಾಹಸಗಳೇ. ಒಂದರ ಅಳತೆಗೋಲು ಇನ್ನೊಂದಕ್ಕೆ ಹಿಡಿದಾಗ ಮಾತ್ರ ಜಗಳ.

ಯುರೋಪಿನವರಿಗೆ ಸಾ ತಿರುಗಿಸುವ ಹುಚ್ಚು ಯಾಕೆ ಬಂತು? ಗೊಂಚಲಿನ, ಅಂದರೆ ಕಾರ್ಡಿನ, ಸಲುವಾಗಿ. ನೀವು ಎಡಗೈಯಲ್ಲಿ ಒತ್ತುವ ಮೇಜರ್ ಕಾರ್ಡ್ ಸಾ ಗ ಪ. ಶುದ್ಧವಾಗಿ ಹೊಂದಿದ ಗೊಂಚಲಿನಲ್ಲಿ ಅದು 240, 300, 360, ಅಂದರೆ 4:5:6. ಮ ಮೇಲೆ ಅದೇ ಗೊಂಚಲು ಕಟ್ಟಿದರೆ ಮ ಧ ಸಾ, 320, 400, 480. ಪ ಮೇಲೆ ಕಟ್ಟಿದರೆ ಪ ನಿ ರೇ, 360, 450, 540. ಈ ಮೂರು ಗೊಂಚಲನ್ನು ಬಿಡಿಸಿ ಸಾಲಾಗಿ ಹರಡಿ, ಸಾ ರೇ ಗ ಮ ಪ ಧ ನಿ ಏಳೂ ಬಂದವು, ಹೆಚ್ಚಿಲ್ಲ, ಕಡಿಮೆ ಇಲ್ಲ. ಯುರೋಪಿನವರಿಗೆ ಮೇಜರ್ ಅಷ್ಟು ಪ್ರಿಯವಾಗಲು ದೊಡ್ಡ ಕಾರಣ ಇದು: ಮೂರು ಕಾರ್ಡಿನಲ್ಲಿ ಇಡೀ ಸಾಲು ಅಡಕವಾಗಿದೆ. ನಿಮ್ಮ ಆರ್ಕೆಸ್ಟ್ರಾದ ಅರ್ಧ ಹಾಡುಗಳನ್ನು ಮೂರು ಕಾರ್ಡಿನಲ್ಲಿ ಮುಗಿಸಬಹುದಾದ ಗುಟ್ಟೂ ಇದೇ.

ಮೈನರಿನ ಕಥೆಯಲ್ಲೂ ಗೊಂಚಲೇ ಹಟ ಹಿಡಿದಿದೆ. ಬಿಳಿ ಆರರಿಂದ ಬರುವ ಆಸಾವರಿಯ ಸಾಲು ಅವರ ಸಹಜ ಮೈನರ್. ಅದರಲ್ಲಿ ಪ ಮೇಲಿನ ಗೊಂಚಲು ಸಪ್ಪೆ, ಮತ್ತೆ ಸಾಗೆ ಎಳೆದು ತರುವ ಬಿಗಿ ಅದಕ್ಕಿಲ್ಲ. ಬಿಗಿ ಬರಲಿ ಎಂದು ನಿಯನ್ನು ಶುದ್ಧ ಮಾಡಿದರು. ಆಗ ಕೋಮಲ ಧ ಮತ್ತು ಶುದ್ಧ ನಿ ನಡುವೆ ಒಂದೂವರೆ ಅಂತರದ ಕಂದಕ ಬಿತ್ತು. ಅವರು ಅದನ್ನು ಹಾರ್ಮೋನಿಕ್ ಮೈನರ್ ಅಂದರು, ನಮಗೆ ಅದು ಕೀರವಾಣಿ. ನಾವು ಆ ಕಂದಕದ ಚೆಲುವಿಗೆ ಮರುಳಾಗಿ ಹಾಡುತ್ತೇವೆ, ಅವರು ಕಾರ್ಡಿನ ಅನುಕೂಲಕ್ಕೆ ಅಗೆದರು.

ಈಗ ಆ ಹದಿನಾಲ್ಕು ಸೆಂಟಿಗೆ ಬರೋಣ. ಮೇಲಿನ ಲೆಕ್ಕದಲ್ಲಿ ಕಣ್ಣಿಟ್ಟವರಿಗೆ ಒಂದು ತಕರಾರು ಕಂಡಿರಬೇಕು. ಪಂಚಮದಿಂದ ಪಂಚಮಕ್ಕೆ ನಡೆದಾಗ ಗ 303.75 ಬಂತು, ಗೊಂಚಲಿನಲ್ಲಿ 300 ಬಂತು. ಒಂದೇ ಗ, ಎರಡು ಬೆಲೆ. ಅದು ಸಾಲದು ಅಂತ ಇನ್ನೊಂದು ತೊಡಕು. ಸಾ ಇಂದ ಹನ್ನೆರಡು ಪಂಚಮ ನಡೆದರೆ ಹನ್ನೆರಡೂ ಮನೆ ಮುಟ್ಟಿ ಮತ್ತೆ ಸಾಗೇ ಬರಬೇಕಲ್ಲ? ಬರುವುದಿಲ್ಲ. ಒಂದೂವರೆಯನ್ನು ಹನ್ನೆರಡು ಸಲ ಗುಣಿಸಿದರೆ 129.75ರ ಹತ್ತಿರ. ಎರಡನ್ನು ಏಳು ಸಲ ಗುಣಿಸಿದರೆ 128. 240ರಿಂದ ಹೊರಟವನು ಊರು ಸುತ್ತಿ 243.3ಕ್ಕೆ ಬಂದು ನಿಲ್ಲುತ್ತಾನೆ. ಗಾಡಿಯ ಗಾಲಿಗೆ ಕಂಬಾರ ಬಗ್ಗಿಸಿದ ಕಬ್ಬಿಣದ ಪಟ್ಟಿಯ ಎರಡು ತುದಿ ಕೂಡದೆ ಒಂದರ ಮೇಲೊಂದು ಬೆರಳಗಲ ಏರಿ ಕೂತಂತೆ. ಲೆಕ್ಕ ತಪ್ಪಿದ್ದಲ್ಲ. ಎರಡನ್ನು ಎರಡರಿಂದಲೇ, ಮೂರನ್ನು ಮೂರರಿಂದಲೇ ಎಷ್ಟು ಸಲ ಗುಣಿಸುತ್ತ ಹೋದರೂ ಅವೆರಡು ಒಂದೆಡೆ ಸೇರುವುದಿಲ್ಲ, ಅಷ್ಟೆ.

ಸಾ ಅಲುಗದಿದ್ದರೆ ಇದು ತೊಂದರೆಯೇ ಅಲ್ಲ. ಏಕತಾರಿ ಹಿಡಿದವನಿಗೆ ಹನ್ನೆರಡು ಪಂಚಮ ನಡೆದು ಆಗಬೇಕಾದ್ದೇನೂ ಇಲ್ಲ. ಸಾ ತಿರುಗಿಸಲೇಬೇಕು, ಗೊಂಚಲು ಎಲ್ಲ ಮನೆಯಲ್ಲೂ ಒಂದೇ ತೆರ ಕೇಳಬೇಕು ಎಂದವರಿಗೆ ಇದು ತಲೆನೋವು. ಅವರು ನೂರಾರು ವರ್ಷ ಬೇರೆ ಬೇರೆ ಹದ ಮಾಡಿ ನೋಡಿ, ಕೊನೆಗೆ ಹೆಚ್ಚಾದದ್ದನ್ನು ಹನ್ನೆರಡು ಮನೆಗೂ ಸಮನಾಗಿ ಹಂಚಿದರು. ಪ್ರತಿ ಮನೆಯೂ ಹಿಂದಿನದರ 1.05946ರಷ್ಟು. ಹನ್ನೆರಡು ಸಲ ಗುಣಿಸಿದರೆ ಸರಿಯಾಗಿ ಎರಡು. ಈ ಲೆಕ್ಕವನ್ನು 1584ರಲ್ಲೇ ಮಾಡಿದವನು ಚೀನಾದ ರಾಜಕುಮಾರ ಝೂ ಝೈಯು. ಬಳಕೆಗೆ ಪೂರ್ತಿ ಇಳಿಸಿದವರು ಯುರೋಪಿನ ಪಿಯಾನೊ ಕಾರ್ಖಾನೆಯವರು. ನಿಮ್ಮ ಕೀಬೋರ್ಡ್, ಸ್ಕೇಲ್ ಚೇಂಜರ್ ಪೇಟಿ ಎರಡೂ ಈ ಹಂಚಿಕೆಯ ಮೇಲೇ ನಿಂತಿವೆ. ಅಂತರ ಎಲ್ಲ ಸಮ ಇರುವುದರಿಂದಲೇ ಮನೆಗಳ ಹಲಗೆಯನ್ನು ಆಚೆ ಈಚೆ ಜರುಗಿಸಿ ಸಾ ಬದಲಿಸಬಹುದು.

ಇದಕ್ಕೆ ತೆತ್ತ ಬೆಲೆ ನೋಡಿ. 240ರ ಸಾಗೆ ಪೆಟ್ಟಿಗೆಯ ಪ 359.6, ಶುದ್ಧಕ್ಕೆ ಇಷ್ಟೇ ಇಷ್ಟು ಕಡಿಮೆ, ಯಾರ ಕಿವಿಗೂ ಬೀಳದು. ಮ 320.4, ಪರವಾಗಿಲ್ಲ. ಗ ಮಾತ್ರ 300 ಬಿಟ್ಟು 302.4. ಧ 400 ಬಿಟ್ಟು 403.6. ನಿ 450 ಬಿಟ್ಟು 453. ಗ, ಧ, ನಿ ಮೂರೂ ಏರಿ ಕೂತಿವೆ. ಹನ್ನೆರಡು ಮನೆಗಳಲ್ಲಿ ಪೂರ್ತಿ ಸತ್ಯ ಹೇಳುವುದು ಸಾ ಮತ್ತು ಅದರ ಮೇಲಿನ ಸಾ ಮಾತ್ರ. ಉಳಿದ ಹನ್ನೊಂದೂ ಸ್ವಲ್ಪ ಸ್ವಲ್ಪ ಸುಳ್ಳು ಹೇಳುತ್ತವೆ, ಒಳ್ಳೆಯ ಕಾರಣಕ್ಕೆ. ಆ್ಯಪ್ ಆ ಪೆಟ್ಟಿಗೆಯ ಗಂಧಾರವನ್ನು ಸೊನ್ನೆ ಮಾಡಿಕೊಂಡು ಅಳೆಯುತ್ತದೆ. 302.4ಕ್ಕೂ 300ಕ್ಕೂ ನಡುವಿನ ದೂರ ಹದಿನಾಲ್ಕು ಸೆಂಟ್, ಅಂದರೆ ಅರ್ಧ ಅಂತರದ ನೂರರಲ್ಲಿ ಹದಿನಾಲ್ಕು ಭಾಗ. ಅಜ್ಜ 300ರಲ್ಲಿದ್ದರು.

ಲೆಕ್ಕ ಓದದವರಿಗೆ ಅದು ಹೇಗೆ ಸಿಕ್ಕಿತು? ಏಕತಾರಿಯ ತಂತಿ ಮೀಟಿದಾಗ 240 ಒಂದೇ ಹೊರಡುವುದಿಲ್ಲ. ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟು ಎಲ್ಲವೂ ಸಣ್ಣಗೆ ಹೊರಡುತ್ತವೆ. ಐದರಷ್ಟು ಅಂದರೆ 1200, ಅದು 300ರ ಗಂಧಾರದ ಎರಡು ಸಪ್ತಕ ಮೇಲಿನ ರೂಪ. ತಂತಿಯೇ ಗಂಧಾರ ಹಾಡುತ್ತಿರುತ್ತದೆ, ಅಜ್ಜ ಅದಕ್ಕೆ ದನಿ ಕೂಡಿಸುತ್ತಾರೆ. ಪೇಟಿಯ 302.4 ಅಲ್ಲಿ 1209.5 ಆಗಿ, ತಂತಿಯ 1200ರ ಜೊತೆ ಸೆಕೆಂಡಿಗೆ ಒಂಬತ್ತು ಹತ್ತು ಸಲ ತಿಕ್ಕಾಡುತ್ತದೆ. ಏಕತಾರಿ ಪಕ್ಕದಲ್ಲಿ ಪೇಟಿಯ ಗ ಒತ್ತಿ ಹಿಡಿದಾಗ ಒಂದು ಸಣ್ಣ ನಡುಕ ಕೇಳುತ್ತದಲ್ಲ, ಅದು ಇದೇ. ಎಲ್ಲ ಹಾಡುಗಾರರೂ ಸದಾ 300ರಲ್ಲೇ ನಿಲ್ಲುತ್ತಾರೆ ಎಂದು ನಾನು ಹೇಳುತ್ತಿಲ್ಲ. ತತ್ವಪದದಲ್ಲಿ ಗಂಧಾರ ಒಂದು ಜಾಗದಲ್ಲಿ ನಿಲ್ಲುವುದೇ ಕಡಿಮೆ, ಕೋಮಲ ಮತ್ತು ಶುದ್ಧದ ನಡುವೆ ಓಲಾಡುತ್ತ ಮಾತಿನ ಅರ್ಥಕ್ಕೆ ತಕ್ಕ ಹಾಗೆ ಏರುತ್ತದೆ, ಇಳಿಯುತ್ತದೆ. ಆ್ಯಪ್ ಅದನ್ನು ನೋಡಿ ಕೆಂಪಾಗುವುದು ಸಹಜ.

ಆ ಸೆಂಟಿನ ಹುಟ್ಟು ಇನ್ನೂ ಸ್ವಾರಸ್ಯ. ಅರ್ಧ ಅಂತರಕ್ಕೆ ನೂರು, ಸಪ್ತಕಕ್ಕೆ 1200 ಎಂದು ಗುರುತು ಹಾಕಿದವನು ಇಂಗ್ಲೆಂಡಿನ ಅಲೆಕ್ಸಾಂಡರ್ ಎಲ್ಲಿಸ್. 1885ರಲ್ಲಿ ಬೇರೆ ಬೇರೆ ದೇಶಗಳ ಸ್ವರಸಾಲುಗಳ ಮೇಲೆ ಪ್ರಬಂಧ ಬರೆದ. ಲಂಡನ್ನಿನಲ್ಲಿದ್ದ ರಾಜಾ ರಾಮಪಾಲ್ ಸಿಂಗ್ ತಮ್ಮ ಸಿತಾರ ನುಡಿಸಿ ತೋರಿಸಿದರು, ಅದರ ಮನೆಗಳನ್ನೂ ಎಲ್ಲಿಸ್ ಅಳೆದ. ಅವನಿಗೆ ಸ್ವರ ಗುರುತಿಸುವ ಕಿವಿಯೇ ಇರಲಿಲ್ಲವಂತೆ, ಕೇಳುವ ಕೆಲಸ ಹಿಪ್ಕಿನ್ಸ್ ಎಂಬ ಪಿಯಾನೊ ಬಲ್ಲವನದು. ಅಳೆದು ಅಳೆದು ಎಲ್ಲಿಸ್ ಬಂದ ತೀರ್ಮಾನ: ಪ್ರಕೃತಿ ಕೊಟ್ಟ ಒಂದೇ ಸ್ವರಸಾಲು ಅಂತ ಇಲ್ಲ, ಇರುವವು ಹಲವು, ಎಲ್ಲವೂ ಮನುಷ್ಯ ಕಟ್ಟಿದವು. ಯಾವ ಅಳತೆಯಿಂದ ಈ ಹುಡುಗ ಅಜ್ಜನನ್ನು ತಪ್ಪೆಂದನೋ, ಆ ಅಳತೆ ಮಾಡಿದವನೇ ಅಜ್ಜನ ಪರವಾಗಿ ಸಾಕ್ಷಿ ನುಡಿದು ನೂರು ವರ್ಷದ ಮೇಲಾಯಿತು.

ಸುರಪುರದವರಿಗೆ ಇಲ್ಲೊಂದು ಅಡ್ಡಮಾತು. ಗುಡ್ಡದ ಮೇಲಿನ ಟೇಲರ್ ಮಂಜಿಲ್ ನಿಮಗೆಲ್ಲ ಗೊತ್ತು. ಎಳೆಯ ರಾಜ ವೆಂಕಟಪ್ಪ ನಾಯಕನ ಕಾಲದಲ್ಲಿ ಸಂಸ್ಥಾನ ನೋಡಿಕೊಳ್ಳಲು 1841ರಲ್ಲಿ ಬಂದು 1853ರ ವರೆಗೆ ಇದ್ದ ಮೆಡೋಸ್ ಟೇಲರ್ ಕಾದಂಬರಿಕಾರ ಎಂದು ಹೆಸರಾದವನು. ಅವನು ಭಾರತದ ವಾದ್ಯಗಳ ಬಗ್ಗೆಯೂ ಬರೆದಿದ್ದಾನೆ. ಕರ್ನಲ್ ಫ್ರೆಂಚ್ ಎಂಬವನು ಐರ್ಲೆಂಡಿನ ರಾಯಲ್ ಐರಿಷ್ ಅಕಾಡೆಮಿಗೆ ಕೊಟ್ಟ ವಾದ್ಯಗಳಿಗೆ ವಿವರ ಬರೆದವನು ಟೇಲರನೇ, 1865ರಲ್ಲಿ ಅಚ್ಚಾಯಿತು. ಕೊಂಬು, ಸನಾಯಿ, ಬೀನ್, ಸಾರಂಗಿ ಎಲ್ಲ ಅದರಲ್ಲಿವೆ. ಸುರಪುರದಲ್ಲಿ ಕಿವಿಗೆ ಬಿದ್ದ ಸನಾಯಿ ಡಬ್ಲಿನ್ನಿನಲ್ಲಿ ಬರೆಯುವಾಗ ಅವನಿಗೆ ನೆನಪಾಗಿರಲಾರದೆ? ಈಗ ನಿಮ್ಮೂರ ವೇಣುಗೋಪಾಲಸ್ವಾಮಿ ಜಾತ್ರೆಗೆ ಬರುವ ಸನಾಯಿಯವರನ್ನು ನಿಲ್ಲಿಸಿ ಮಾತಾಡಿಸಿ. ರಂಧ್ರ ಅರ್ಧ ಮುಚ್ಚಿ, ಉಸಿರು ಬಿಗಿಹಿಡಿದು ಅವರು ತೆಗೆಯುವ ಸ್ವರಗಳಿಗೆ ನಿಮ್ಮ ಕೀಬೋರ್ಡಿನಲ್ಲಿ ಮನೆ ಇಲ್ಲ.

ಇಷ್ಟೆಲ್ಲ ಓದಿ, ಹಾಗಾದರೆ ಪೇಟಿ ಒಲೆಗೆ ಹಾಕೋಣವೇ ಎಂದು ಕೇಳಬೇಡಿ. ಆ ಕೆಲಸ ಸರಕಾರವೇ ಒಮ್ಮೆ ಮಾಡಿ ನೋಡಿದೆ. 1940ರ ಮಾರ್ಚ್ 1ರಿಂದ ಆಕಾಶವಾಣಿಯಲ್ಲಿ ಪೇಟಿಗೆ ನಿಷೇಧ. ಅದಕ್ಕೆ ಮೊದಲೇ ಅಲ್ಲಿನ ಪಾಶ್ಚಾತ್ಯ ಸಂಗೀತ ವಿಭಾಗದ ಜಾನ್ ಫೌಲ್ಡ್ಸ್ ಎಂಬ ಇಂಗ್ಲಿಷರವನೇ ಪೇಟಿಯ ವಿರುದ್ಧ ಬರೆದಿದ್ದ. ಟ್ಯಾಗೋರರಿಗೂ ಪೇಟಿ ಆಗುತ್ತಿರಲಿಲ್ಲ. ಮೂವತ್ತು ವರ್ಷ ದಾಟಿ 1971ರಲ್ಲಿ ನಿಷೇಧ ಸಡಿಲವಾಯಿತು. ಅದಕ್ಕೂ ಹಿಂದೆ, 1910ರ ಆಸುಪಾಸಿನಲ್ಲಿ, ದೇವಲ್ ಎಂಬ ನಿವೃತ್ತ ಅಧಿಕಾರಿ ಮತ್ತು ಕ್ಲೆಮೆಂಟ್ಸ್ ಎಂಬ ನ್ಯಾಯಾಧೀಶ ಇಪ್ಪತ್ತೆರಡು ಶ್ರುತಿಯ ಪೇಟಿಯನ್ನೇ ಮಾಡಿಸಿದರು, ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು ಅವರಿಗೆ ಹಾಡಿ ತೋರಿಸಿದರು. 1916ರ ಬರೋಡಾ ಸಮ್ಮೇಳನದಲ್ಲಿ ಅದನ್ನು ಪರೀಕ್ಷೆಗೆ ಇಟ್ಟಾಗ ಗಾಯಕರು ಒಪ್ಪಲಿಲ್ಲ. ಹನ್ನೆರಡಿದ್ದದ್ದು ಇಪ್ಪತ್ತೆರಡಾಯಿತು, ನಿಂತಲ್ಲೇ ನಿಲ್ಲುವ ಗುಣ ಹೋಗಲಿಲ್ಲ.

ನನ್ನ ಮಟ್ಟಿಗೆ ನಿಷೇಧ ತಪ್ಪು. ಪ್ಯಾರಿಸ್ಸಿನ ದೆಬೆಂ 1842ರಲ್ಲಿ ಪೇಟೆಂಟ್ ಪಡೆದ, ಕಾಲಲ್ಲಿ ತುಳಿಯುವ ವಾದ್ಯವನ್ನು ಕಲ್ಕತ್ತೆಯ ದ್ವಾರಕಾನಾಥ ಘೋಷರು 1875ರ ಸುಮಾರಿಗೆ ನೆಲದ ಮೇಲೆ ಕೂತು ಒಂದು ಕೈಯಲ್ಲಿ ಗಾಳಿ ಹಾಕುವಂತೆ ಮಾಡದಿದ್ದರೆ ನಮ್ಮ ಭಜನೆಗಳ ಗತಿ ಬೇರೆಯಾಗುತ್ತಿತ್ತು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಕಣ್ಣಿಲ್ಲದ ಮಾಸ್ತರರು ಈ ಪೆಟ್ಟಿಗೆ ಹಿಡಿದು ಊರೂರಿಗೆ ಸ್ವರ ಮುಟ್ಟಿಸಿದ್ದಾರೆ. ಪುಟ್ಟರಾಜ ಗವಾಯಿಗಳೇ ಪೇಟಿ ನುಡಿಸುತ್ತಿದ್ದರು. ಬೆಳಗಾವಿಯ ರಾಮಭಾವು ಬಿಜಾಪುರೆಯವರು ಅದೇ ಹನ್ನೆರಡು ಮನೆಗಳಲ್ಲಿ ಗಾಯಕನ ನೆರಳಿನಂತೆ ಓಡಿದರು. ಎಲ್ಲಿ ಪೇಟಿಯ ಗಂಧಾರ ತಿಕ್ಕಾಡುತ್ತದೋ ಅಲ್ಲಿ ಬೆರಳು ಮುಟ್ಟಿಯೂ ಮುಟ್ಟದಂತೆ ದಾಟುವುದು, ಎಲ್ಲಿ ಸುಮ್ಮನಿರಬೇಕೋ ಅಲ್ಲಿ ಸಾ–ಪ ಅಷ್ಟೇ ಹಿಡಿದಿರುವುದು ಒಳ್ಳೆಯ ಪೇಟಿ ಮಾಸ್ತರರ ಕಸುಬು.

ನನ್ನ ಜಗಳ ನಿಮ್ಮ ಎಡಗೈ ಜೊತೆ. ಪೇಟಿಯಲ್ಲಿ ಆ ಕೈ ಗಾಳಿ ಹಾಕುತ್ತಿತ್ತು, ಕೀಬೋರ್ಡ್ ಬಂದಮೇಲೆ ಅದಕ್ಕೆ ಕೆಲಸವಿಲ್ಲದಾಗಿ ಕಾರ್ಡ್ ಒತ್ತತೊಡಗಿತು. ಚರ್ಚಿನಲ್ಲಿ ಪಾಶ್ಚಾತ್ಯ ಧಾಟಿಯ ಕೀರ್ತನೆಗೆ ಒತ್ತಿ, ಯಾದಗಿರಿಯ ಮೆಥೋಡಿಸ್ಟ್ ಚರ್ಚಿನಲ್ಲಿ ಕೂತ ತಂಗಿಯರಿಗೆ ನಾನೇನೂ ಹೇಳಬೇಕಾದ್ದಿಲ್ಲ. ಆ ಧಾಟಿಗಳನ್ನು ಕಟ್ಟಿದ್ದೇ ಗೊಂಚಲಿನ ಮೇಲೆ. ಸಿನಿಮಾ ಹಾಡಿಗೂ ಒತ್ತಿ. ಆದರೆ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ, ಶಹಾಪುರದ ಚರಬಸವೇಶ್ವರರ ಗದ್ದುಗೆಯ ಮುಂದೆ, ಹಾಡುಗಾರ ಗಂಧಾರವನ್ನು ಇನ್ನೂ ಹುಡುಕುತ್ತಿರುವಾಗಲೇ ನೀವು ಸಾ ಗ ಪ ಒತ್ತಿ ಹಿಡಿದರೆ ಅವನಿಗೆ ಹುಡುಕಲು ಏನು ಉಳಿಯಿತು? ಕಾರ್ಡ್ ಮೊದಲೇ ತೀರ್ಮಾನ ಹೇಳಿಬಿಡುತ್ತದೆ. ಕೋಮಲ ರಿಷಭದ ಭೈರವಿ ನಡೆಯ ಪದಕ್ಕಂತೂ ಆ ಮೂರು ಕಾರ್ಡುಗಳು ಒಗ್ಗುವುದೇ ಇಲ್ಲ. ಸಾಲು ಬೇರೆ, ಅದು ಗೊಂಚಲಿನಿಂದ ಹುಟ್ಟಿದ್ದಲ್ಲ. ಅಲ್ಲಿ ಎಡಗೈ ತೊಡೆಯ ಮೇಲಿರಲಿ. ಬಹಳ ಅನಿಸಿದರೆ ಸಾ–ಪ ಹಿಡಿಯಿರಿ, ಗ ಬೇಡ.

ಕೀಬೋರ್ಡ್ ಇಟ್ಟುಕೊಂಡವರಿಗೆ ಇನ್ನೂ ಒಂದು ದಾರಿ ಇದೆ. ಅರೇಂಜರ್ ಮಾದರಿಯ ಹಲವು ಕೀಬೋರ್ಡ್‌ಗಳ ಮೆನುವಿನಲ್ಲಿ ಸ್ಕೇಲ್ ಟ್ಯೂನಿಂಗ್ ಎಂಬುದಿರುತ್ತದೆ, ಹನ್ನೆರಡು ಮನೆಗೂ ಬೇರೆ ಬೇರೆ ಸೆಂಟ್ ಕೊಡಬಹುದು. ನಿಮ್ಮ ಹಾಡುಗಾರರ ಸಾ ಯಾವ ಮನೆಯೋ ಅದಕ್ಕೆ ಸೊನ್ನೆ. ರೇಗೆ ನಾಲ್ಕು ಏರಿಸಿ. ಗಗೆ ಹದಿನಾಲ್ಕು ಇಳಿಸಿ. ಮ ಎರಡು ಇಳಿಕೆ, ಪ ಎರಡು ಏರಿಕೆ. ಧ ಹದಿನಾರು ಇಳಿಸಿ, ನಿ ಹನ್ನೆರಡು ಇಳಿಸಿ. ಕೋಮಲಗಳದು ಉಲ್ಟಾ: ರೇ ಹನ್ನೆರಡು, ಗ ಹದಿನಾರು, ಧ ಹದಿನಾಲ್ಕು ಏರಬೇಕು. ತೀವ್ರ ಮ ಹತ್ತು ಇಳಿಕೆ. ಸಾ ಬೇರೆ ಮನೆಗೆ ಹೋದರೆ ಎಲ್ಲವನ್ನೂ ಮತ್ತೆ ಕೂರಿಸಬೇಕು, ಈ ಹೊಂದಿಕೆ ಒಂದೇ ಸಾಗೆ ದುಡಿಯುತ್ತದೆ. ಪೇಟಿಯಲ್ಲೂ ಇದು ಸಾಧ್ಯ. ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಮಹಾರಾಷ್ಟ್ರದ ಪೇಟಿಯವರು ಗಾಂಧಾರ್ ಟ್ಯೂನಿಂಗ್ ಎಂದು ಮಾಡಿಸಿಕೊಳ್ಳುವುದು ಇದನ್ನೇ. ಆದರೆ ಕೆರೆಯುವ ಕೆಲಸ ಬಲ್ಲವರ ಕೈಯಲ್ಲೇ ಆಗಲಿ, ಹೆಚ್ಚು ಕೆರೆದ ರೀಡು ಮತ್ತೆ ಬೆಳೆಯುವುದಿಲ್ಲ.

ಕೋಮಲ ನಿಗೆ ಅಂಕಿ ಕೊಡಲಿಲ್ಲ ಎಂಬುದನ್ನು ಗಮನಿಸಿದ್ದೀರಿ. ಅದಕ್ಕೆ ಎರಡು ಬೆಲೆ ಇವೆ. ಮ ಇಂದ ಒಂದು ಮ ಮೇಲಕ್ಕೆ ಹೋಗಿ ಹಿಡಿದರೆ ನಾಲ್ಕು ಸೆಂಟ್ ಇಳಿಸಬೇಕು. ಕೋಮಲ ಗದ ಪಂಚಮವಾಗಿ ಹಿಡಿದರೆ ಹದಿನೆಂಟು ಏರಿಸಬೇಕು. ಒಂದೇ ಪದವನ್ನು ಎರಡೂ ಬಗೆಯಲ್ಲಿ ಹಾಡಬಹುದು, ಊರಿನಿಂದ ಊರಿಗೆ ಬೇರೆಯಾಗಲೂಬಹುದು. ನಿಮ್ಮ ಮೇಳದ ಹಾಡುಗಾರರನ್ನು ಕೂರಿಸಿಕೊಂಡು, ಏಕತಾರಿ ಒಂದೇ ಇಟ್ಟುಕೊಂಡು, ಅದೇ ಆ್ಯಪ್ ಆನ್ ಮಾಡಿ ಅವರ ಕೋಮಲ ನಿ ಎಲ್ಲಿ ನಿಲ್ಲುತ್ತದೆ ಬರೆದುಕೊಳ್ಳಿ. ಈ ಕೆಲಸಕ್ಕೆ ಆ್ಯಪ್ ಬಹಳ ಒಳ್ಳೆಯದು. ಯಾವ ಊರಿನ ಮೇಳ, ಯಾವ ಪದ, ಸಾ ಯಾವ ಮನೆ, ನಿ ಎಷ್ಟು, ಇಷ್ಟು ಬರೆದು ಕಳಿಸಿದರೆ ಮೂರೂ ತಾಲೂಕಿನದ್ದು ಒಂದು ಪಟ್ಟಿ ಮಾಡಿ ನಿಮಗೇ ತಿರುಗಿ ಮುಟ್ಟಿಸುತ್ತೇನೆ.

ಇಂತಿ ನಿಮ್ಮವ,
ಭಜನಾ ಮೇಳದ ಒಬ್ಬ ಹಳೆಯ ಪೇಟಿಯವ